ಬಸ್ಕಿಯನ್ನು ಶಿಕ್ಷೆಯಿಂದ ಬಿಡಿಸೋಣ

ಹೋಂವರ್ಕ್ ಮಾಡದಿದ್ದರೆ ಐವತ್ತು ಬಸ್ಕಿ, ತಡವಾಗಿ ಬಂದರೆ ಮಂಡಿಯೂರಿ ನಿಲ್ಲುವುದು. ಬೋಧನಾಭ್ಯಾಸಕ್ಕೆ ಹೋದ ನಮ್ಮಲ್ಲಿ ಹಲವರು ಇದನ್ನು ಕಂಡಿದ್ದೇವೆ. 'ಹೊಡೆದಿಲ್ಲವಲ್ಲ' ಎಂಬ ಸಮಾಧಾನವನ್ನೂ ಕೇಳಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ. ನನಗೆ ಇನ್ನೊಂದು ಆಕ್ಷೇಪವೂ ಇದೆ. ಮಂಡಿಯನ್ನು ಕಾಪಾಡುವ ವ್ಯಾಯಾಮವನ್ನೇ ನಾವು ಮಕ್ಕಳಿಗೆ ಅವಮಾನದ ಗುರುತು ಮಾಡಿಬಿಟ್ಟಿದ್ದೇವೆ.

ಸೊಂಟದ ಕೀಲಿನಲ್ಲಿರುವಂತೆ ಮಂಡಿಯಲ್ಲಿ ಮೂಳೆಗೆ ಆಳವಾದ ಗುಳಿಯ ಆಸರೆಯಿಲ್ಲ. ಅದನ್ನು ಹಿಡಿದಿಡುವುದು ಅಸ್ಥಿರಜ್ಜುಗಳು ಮತ್ತು ತೊಡೆ, ಸೊಂಟಗಳ ಸ್ನಾಯುಗಳು. ಕಬಡ್ಡಿ, ಖೋ-ಖೋ ಆಡುವಾಗ ಓಟದಲ್ಲೇ ಗಕ್ಕನೆ ತಿರುಗಿದರೆ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ, ಅಸ್ಥಿರಜ್ಜು ಹರಿಯಬಹುದು. ಹಠಾತ್ತನೆ ತಿರುಗುವ, ಜಿಗಿಯುವ ಆಟಗಳಲ್ಲಿ ಹದಿಹರೆಯದ ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಹೆಚ್ಚು. ಒಮ್ಮೆ ಹರಿದರೆ ತಿಂಗಳುಗಟ್ಟಲೆ ಆಟವಿಲ್ಲ. ಎಷ್ಟೋ ಮಕ್ಕಳು ಮತ್ತೆ ಅಂಕಣಕ್ಕೆ ಇಳಿಯುವುದೇ ಇಲ್ಲ.

ಇದನ್ನು ಬಹುಮಟ್ಟಿಗೆ ತಡೆಯಬಹುದು. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರಿಗೆ 20 ನಿಮಿಷಗಳ ಪೂರ್ವಸಿದ್ಧತಾ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಗಂಭೀರ ಗಾಯಗಳು ಗಣನೀಯವಾಗಿ ಕಡಿಮೆಯಾಗಿದ್ದವು.

ನಮ್ಮ ಶಾಲಾ ಮೈದಾನಕ್ಕೂ ದುಬಾರಿ ಸಾಮಗ್ರಿ ಬೇಡ. ಕುರ್ಚಿಯಲ್ಲಿ ಕೂರುವಂತೆ ಸೊಂಟವನ್ನು ಹಿಂದಕ್ಕೆ ಸರಿಸಿ, ಹಿಮ್ಮಡಿ ನೆಲಕ್ಕೂರಿ, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರುವಂತೆ ನಿಧಾನವಾಗಿ ಹತ್ತು ಬಸ್ಕಿ. ಒಂದೊಂದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲುವುದು. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತುವುದು. ಜಿಗಿದು, ಮಂಡಿ ಮಡಿಸಿ, ಸದ್ದಾಗದಂತೆ ಇಳಿಯುವುದು. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು; ಊತವಿದ್ದರೆ ವೈದ್ಯರಿಗೆ ತೋರಿಸಬೇಕು. ಶಿಕ್ಷೆಯ ಐವತ್ತು ಬಸ್ಕಿಯಲ್ಲಿ ಇದಾವುದನ್ನೂ ಯಾರೂ ಗಮನಿಸುವುದಿಲ್ಲ. ದಣಿದ ಮಗು ಹೇಗೋ ಲೆಕ್ಕ ಮುಗಿಸುತ್ತದೆ, ಅಷ್ಟೆ.

ಪಠ್ಯ ಮುಗಿಸಲೇ ಸಮಯವಿಲ್ಲ, ಇದೆಲ್ಲ ದೈಹಿಕ ಶಿಕ್ಷಕರ ಕೆಲಸ ಎನ್ನುವವರಿದ್ದಾರೆ. ಆದರೆ ಎಲ್ಲ ಶಾಲೆಗಳಲ್ಲೂ ದೈಹಿಕ ಶಿಕ್ಷಕರಿಲ್ಲ. ಆಟದ ಅವಧಿ ಎಷ್ಟೋ ಸಲ ನಮ್ಮ ಪಾಲಿಗೇ ಬರುತ್ತದೆ. ಅದರ ಮೊದಲ ಹತ್ತು ನಿಮಿಷ ಇದಕ್ಕೆ ಸಾಕು. ಕೀಲು, ಸ್ನಾಯು, ಸನ್ನೆಗಳ ಪಾಠಕ್ಕೂ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ನಮ್ಮ ಬೋಧಕರಲ್ಲಿ ಎರಡು ವಿನಂತಿ. ಬೋಧನಾಭ್ಯಾಸಕ್ಕೆ ಕಳುಹಿಸುವ ಮುನ್ನ, ಬಸ್ಕಿಯೂ ಮಂಡಿಯೂರಿಸುವುದೂ ದೈಹಿಕ ಶಿಕ್ಷೆಯೇ ಎಂದು ಪ್ರಶಿಕ್ಷಣಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಿ. ಜೊತೆಗೆ, ಆಟದ ಅವಧಿಗೂ ಪಾಠಯೋಜನೆ ಬರೆಸಿ, ಈ ಹತ್ತು ನಿಮಿಷವನ್ನು ಅದರಲ್ಲಿ ಸೇರಿಸಿ.