ಹಬ್ಬದ ಹಾಳೆಯೂ ಮಗುವಿನ ಅಕ್ಷರವೂ

ಆಗಮನ ಕಾಲ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗೋದಲಿಯ ಸಿದ್ಧತೆಯೊಡನೆ ಈಚಿನ ವರ್ಷಗಳಲ್ಲಿ ಮತ್ತೊಂದು ಕೆಲಸವೂ ಸೇರಿಕೊಂಡಿದೆ. ಶಿಶುವಿಹಾರದ ಮತ್ತು ಜ್ಞಾನೋಪದೇಶದ ಪುಟ್ಟ ಮಕ್ಕಳಿಗಾಗಿ ಹಬ್ಬದ ಚಿತ್ರಗಳುಳ್ಳ ಹಾಳೆಗಳನ್ನು ಮೊಬೈಲಿನಿಂದ ಇಳಿಸಿಕೊಂಡು, ಜೆರಾಕ್ಸ್ ಮಾಡಿಸಿ ಹಂಚಲಾಗುತ್ತಿದೆ. ಚುಕ್ಕಿ ಸೇರಿಸುತ್ತ, ಬಣ್ಣ ತುಂಬುತ್ತ, ಚಿತ್ರಕ್ಕೆ ಹೆಸರು ಹೊಂದಿಸುತ್ತ ಮಗು ಆಟದಲ್ಲೇ ಓದು ಕಲಿಯಲಿ ಎಂಬುದು ಇದರ ಉದ್ದೇಶ. ಈ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸುರಪುರ ತಾಲ್ಲೂಕಿನ ದೇವಾಪುರದಂತಹ ಊರಿನ ಮಗುವಿನ ಮುಂದೆ ಆ ಹಾಳೆಯನ್ನಿಟ್ಟು ನೋಡಿದಾಗ ಕೆಲವು ಪ್ರಶ್ನೆಗಳು ಏಳುತ್ತವೆ.

ಹಾಳೆಯ ಮೇಲೆ ಹಿಮದ ಬೊಂಬೆ, ಜಾರುಬಂಡಿ, ಕವಲುಗೊಂಬಿನ ಜಿಂಕೆ. ಅವುಗಳ ಕೆಳಗೆ ಇಂಗ್ಲಿಷ್ ಹೆಸರುಗಳು. ಕೃಷ್ಣಾ ತೀರದ ನಮ್ಮ ಮಗು ಹಿಮವನ್ನು ಕಂಡಿಲ್ಲ. ಅದರ ಮಾತೂ ಅದಕ್ಕೆ ತಿಳಿಯದು. ಸಂತ ಅಗುಸ್ತೀನರು ಕ್ರಿ.ಶ. 389ರ ಸುಮಾರಿಗೆ, ತಮ್ಮ ಮಗ ಅದೆಯೊದಾತನೊಡನೆ ನಡೆಸಿದ ಸಂವಾದದ ರೂಪದಲ್ಲಿ, ಗುರುವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದರು. ಪದವೆಂಬುದು ಸಂಕೇತ, ಸಂಕೇತಿತ ವಸ್ತುವನ್ನು ಅರಿಯದವನಿಗೆ ಅದು ಬರಿಯ ಸದ್ದು ಎಂಬುದು ಅಲ್ಲಿನ ವಿಚಾರದ ತಿರುಳು. ದಾನಿಯೇಲನ ಗ್ರಂಥದಲ್ಲಿ ಬರುವ ಒಂದು ಉಡುಪಿನ ಹೆಸರನ್ನೇ ಅವರು ನಿದರ್ಶನವಾಗಿ ಕೊಡುತ್ತಾರೆ: ಉಡುಪನ್ನು ಅರಿಯದವನಿಗೆ ಹೆಸರು ಏನನ್ನೂ ಕಲಿಸಲಾರದು. ಹಿಮದ ಬೊಂಬೆಗೆ ಬಣ್ಣ ತುಂಬಿದ ಮಗುವಿನ ಕೈ ಪಳಗಬಹುದು. ಓದು ಅಷ್ಟರಿಂದ ಆರಂಭವಾಗದು.

ಹಾಗಾದರೆ ಏನನ್ನು ಕೊಡಬೇಕು? ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು, ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಒದಗುವ ಅಕ್ಷರಗಳನ್ನು ಮೊದಲು ಕಲಿಸಿತು. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಬಂದೊಡನೆ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಓದಬಲ್ಲದು. ಜ, ವ, ಮ, ಬ, ನ ಸೇರಿದರೆ ‘ದನ’, ‘ಮರ’, ‘ಜನ’ ಸಿದ್ಧವಾಗುತ್ತವೆ.

ಈಗ ನಮ್ಮ ಗೋದಲಿಯನ್ನು ನೋಡೋಣ. ಕಾಣಿಕೆ ಹೊತ್ತು ಬಂದ ‘ಅರಸ’ ಅಲ್ಲಿದ್ದಾನೆ; ಕೊಟ್ಟಿಗೆಯ ‘ದನ’ ಇದೆ; ನೋಡಲು ಬಂದ ‘ಜನ’ ಇದ್ದಾರೆ; ಬಡಗಿಯಾದ ಸಂತ ಜೋಸೆಫರ ಕೈಗೆ ‘ಗರಗಸ’ ಕೊಟ್ಟರೆ ತಪ್ಪಿಲ್ಲ. ಒಂದು ಗುಣಿತವೂ ಒಂದು ಒತ್ತಕ್ಷರವೂ ಇಲ್ಲದೆ ಕ್ರಿಸ್ತ ಜಯಂತಿಯ ಹಾಳೆಯೊಂದು ಸಿದ್ಧವಾಯಿತು! ‘ನಕ್ಷತ್ರ’ ಎಂಬ ಪದದಲ್ಲಿ ಎರಡು ಒತ್ತಕ್ಷರಗಳಿವೆ. ‘ಕ್ರಿಸ್ಮಸ್’ ಎಂಬುದು ಅದಕ್ಕಿಂತ ತೊಡಕಿನದು. ಅವುಗಳನ್ನು ಹಿರಿಯ ಮಕ್ಕಳಿಗೆ ಕಾದಿರಿಸೋಣ. ಹಾಳೆ ತಯಾರಿಸುವವರು ಚಿತ್ರದ ಅಂದಕ್ಕಿಂತ ಮೊದಲು ಅಕ್ಷರದ ಭಾರವನ್ನು ತೂಗಬೇಕು.

ಹಬ್ಬವೆಂದರೆ ನಮ್ಮ ಹಬ್ಬವೊಂದೇ ಏಕಾಗಬೇಕು? ಈ ಭಾಗದಲ್ಲಿ ಕಥೋಲಿಕ ಮನೆಗಳು ವಿರಳ. ನಮ್ಮ ಮಕ್ಕಳು ನೆರೆಮನೆಯ ಮಕ್ಕಳೊಡನೆ ಬೆಳೆಯುತ್ತಾರೆ. ಕಾರಹುಣ್ಣಿಮೆಯ ಎತ್ತನ್ನೂ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದನ್ನೂ, ತಿಂಥಣಿಯ ಮೌನೇಶ್ವರ ಜಾತ್ರೆಯನ್ನೂ, ಮೊಹರಮ್ಮನ್ನೂ ಕಣ್ಣಾರೆ ಕಂಡಿದ್ದಾರೆ. ಅವುಗಳ ಪದಗಳಿಂದಲೂ ಹಾಳೆಗಳನ್ನು ರಚಿಸಿ ಊರಿನ ಮಕ್ಕಳಿಗೆಲ್ಲ ಕೊಡಬಹುದು. ಅಕ್ಷರಕ್ಕೆ ಮತಭೇದವಿಲ್ಲ. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ ಎಂಬುದನ್ನು ಮರೆಯದೆ, ಚಿತ್ರದ ಹೆಸರನ್ನು ಮೊದಲು ಅದರ ಮಾತಿನಲ್ಲಿ ಹೇಳಿಸಿ ಅನಂತರ ಕನ್ನಡಕ್ಕೆ ಕರೆತರುವುದು ಲೇಸು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿ ಅತಿ ಕಡಿಮೆ. ಮಹಿಳೆಯರಲ್ಲಿ ಅದು ಶೇ. 41ರ ಆಸುಪಾಸು. ಅಂಗಡಿಯಿಂದ ಕೊಂಡ ಅಥವಾ ಮೊಬೈಲಿನಿಂದ ಇಳಿಸಿದ ಯಾವುದೇ ಹಾಳೆಯೂ ಓದು ಬಲ್ಲ ತಾಯಿಯೊಬ್ಬಳು ಪಕ್ಕದಲ್ಲಿದ್ದಾಳೆಂದು ಭಾವಿಸಿಕೊಂಡಿರುತ್ತದೆ. ಸೂಚನೆಯನ್ನು ಓದಲಾಗದ ತಾಯಿ ಆ ಹಾಳೆಯನ್ನು ಮಡಚಿ ಗೂಡಿನಲ್ಲಿಡುತ್ತಾಳೆ. ತನ್ನಿಂದಾಗದು ಎಂಬ ಸಂಕೋಚವೂ ಅದರೊಡನೆ ಗೂಡು ಸೇರುತ್ತದೆ.

ಆದರೆ ಆ ತಾಯಿಯ ಬಳಿ ಹಾಳೆಯಲ್ಲಿಲ್ಲದ ಸಂಪತ್ತಿದೆ. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು ಕಡೂರು ಸೀಮೆಯ ದೇವನೂರೋ, ಸುರಪುರದ ಈ ದೇವಾಪುರವೋ ಎಂಬ ಚರ್ಚೆ ವಿದ್ವಾಂಸರಲ್ಲುಂಟು. ಅದು ಹೇಗೇ ಇರಲಿ, ಅಂತಹ ಕಾವ್ಯವನ್ನು ಒಬ್ಬರು ಓದಿದರೆ ಊರೇ ಕುಳಿತು ಕೇಳುತ್ತಿತ್ತು. ಓದು ಬಾರದವರೂ ಕಾವ್ಯವನ್ನು ಬಲ್ಲವರಾಗಿದ್ದರು. ಇಂದಿನ ತಾಯಿಯೂ ಕಥೆ ಬಲ್ಲಳು, ಹಾಡು ಬಲ್ಲಳು, ಒಗಟು ಬಲ್ಲಳು. ಆದುದರಿಂದ ಸೂಚನೆ ಚಿತ್ರದಲ್ಲಿಯೇ ಇರಲಿ. ತಾಯಿ ಚಿತ್ರ ನೋಡಿ ಕಥೆ ಹೇಳಲಿ. ಮಗು ಪದಕ್ಕೆ ಬೆರಳಿಟ್ಟು ತಾಯಿಗೆ ಓದಿ ತೋರಿಸಲಿ. ಒಂದು ಹಾಳೆಯಿಂದ ಇಬ್ಬರು ಅಕ್ಷರದ ಹತ್ತಿರ ಬಂದಂತಾಗುತ್ತದೆ.

‘ರಜೆಯಲ್ಲಿಯೂ ಪಾಠವೇ?’ ಎಂದು ಕೆಲವು ಹಿರಿಯರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಲತೀನನ್ನು ದಾದಿಯರ ಮುದ್ದುಮಾತಿನ ನಡುವೆ ಸುಖವಾಗಿ ಕಲಿತೆನೆಂದೂ, ಶಿಕ್ಷೆಯ ಭಯದಲ್ಲಿ ಕಲಿಯಬೇಕಾದ ಗ್ರೀಕ್ ಕಹಿಯಾಯಿತೆಂದೂ ಅದೇ ಅಗುಸ್ತೀನರು ತಮ್ಮ ಆತ್ಮನಿವೇದನೆಯಲ್ಲಿ ಬರೆದಿದ್ದಾರೆ. ಆದುದರಿಂದ ಹಬ್ಬದ ಹಾಳೆಗೆ ಅಂಕ ಬೇಡ, ಕೆಂಪು ಶಾಯಿ ಬೇಡ, ಬೇರೆ ಮಗುವಿನೊಡನೆ ಹೋಲಿಕೆ ಬೇಡ. ಹದಿನೈದು ನಿಮಿಷ ಸಾಕು. ಮಗು ಎದ್ದರೆ ಏಳಲಿ. ‘ಇಂಗ್ಲಿಷ್ ಬೇಡವೇ?’ ಎನ್ನುವವರಿಗೂ ಒಂದು ಮಾತು. ಶಿಕ್ಷಣಕ್ಕೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೊ 1953ರಲ್ಲಿಯೇ ಸಾರಿತು. ತನ್ನ ಮಾತನ್ನು ಬರೆಹದಲ್ಲಿ ಗುರುತಿಸಿದ ಮಗುವಿಗೆ ಓದು ಎಂದರೇನೆಂಬುದು ತಿಳಿದಿರುತ್ತದೆ. ಆ ತಿಳಿವು ಇಂಗ್ಲಿಷಿಗೂ ಜೊತೆಗೆ ಬರುತ್ತದೆ.

ಪ್ರತಿ ಧರ್ಮಕೇಂದ್ರದ ಯುವಜನರು ಈ ಆಗಮನ ಕಾಲದ ನಾಲ್ಕು ವಾರಗಳಿಗೆ ನಾಲ್ಕು ಹಾಳೆಗಳನ್ನು ತಾವೇ ಕೈಯಾರೆ ಬರೆಯಲಿ ಎಂಬುದು ನಮ್ಮ ಸಲಹೆ. ಹಾಳೆಗೆ ಮೂರೇ ಪದ. ಮೂರೂ ಮಗು ಕಂಡ, ಆಡುವ ಪದಗಳು. ಮನೆಯಲ್ಲಿ ಕಲಿತವರಿಲ್ಲದಿದ್ದರೆ ನೆರೆಯ ಹೈಸ್ಕೂಲು ಹುಡುಗಿಯೊಬ್ಬಳು ಜೊತೆಗೆ ಕೂರಲಿ. ಸುಗ್ಗಿ ಮುಗಿದು ತಂದೆತಾಯಂದಿರು ದುಡಿಮೆಗೆಂದು ಗುಳೆ ಹೊರಟರೆ ಮಕ್ಕಳೂ ಅವರೊಡನೆ ಹೊರಡುತ್ತಾರೆ. ಶಾಲೆ ಹಿಂದೆ ಉಳಿಯುತ್ತದೆ. ಆಗ ಗಂಟಿನಲ್ಲಿ ಹೋಗಬಲ್ಲದ್ದು ನಾಲ್ಕು ಹಾಳೆ, ಒಂದು ಪೆನ್ಸಿಲು. ಅಷ್ಟನ್ನಾದರೂ ಈ ಹಬ್ಬಕ್ಕೆ ನಮ್ಮ ಮಕ್ಕಳ ಕೈಗೆ ಕೊಡೋಣ.