ಸೂಲಗಿತ್ತಿಯ ವಿದ್ಯೆಯೂ ಸರಕಾರದ ದಫ್ತರವೂ

ನಾಡಿನ ಏಳಿಗೆಯ ಮಾತನ್ನಾಡುವವರು ಸಾಮಾನ್ಯವಾಗಿ ಕಾರಖಾನೆ, ಕಾಲುವೆ, ರಸ್ತೆಗಳ ಲೆಕ್ಕವನ್ನು ಮುಂದಿಡುವರು. ಅವೆಲ್ಲ ಬೇಕಾದವುಗಳೇ ಸರಿ. ಆದರೆ ಒಂದು ನಾಡು ತನ್ನ ತಾಯಂದಿರನ್ನು ಹೆರಿಗೆಯ ಹೊತ್ತಿಗೆ ಯಾರ ಕೈಗೆ ಒಪ್ಪಿಸುವದೆಂಬ ಪ್ರಶ್ನೆಯೂ ಅಷ್ಟೇ ಮಹತ್ವದ್ದು. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಂದು ವಿಚಾರಿಸಬೇಕೆಂದಿದ್ದೇವೆ.

ಮೊದಲು ನ್ಯಾಯವಾಗಿ ಸಲ್ಲತಕ್ಕ ಪ್ರಶಂಸೆಯನ್ನು ಸಲ್ಲಿಸುವೆವು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ದವಾಖಾನೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಆ ಸಂಖ್ಯೆಯು 97ಕ್ಕೆ ಏರಿತು. 2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಅಸುನೀಗುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಸಣ್ಣ ಕಾರ್ಯವಲ್ಲ. ಮನೆಮನೆಯ ಬಾಗಿಲಿಗೆ ನಡೆದುಹೋಗಿ, ಬಸುರಿಯ ಹೆಸರು ಬರೆದುಕೊಂಡು, ಅತ್ತೆ-ಮಾವಂದಿರ ಮನಸ್ಸನ್ನು ಒಲಿಸಿ, ಅವಳನ್ನು ದವಾಖಾನೆಯ ವರೆಗೆ ಮುಟ್ಟಿಸಿದವರು ಹಳ್ಳಿಯ ನರ್ಸಬಾಯಿಯರು ಹಾಗೂ ಆಶಾ ಕಾರ್ಯಕರ್ತೆಯರು. ಆದರೂ ಅದೇ 2018-20ರಲ್ಲಿ ನೆರೆಯ ಕೇರಳದ ಸಂಖ್ಯೆಯು 19 ಆಗಿತ್ತೆಂಬುದನ್ನು ಮರೆಯಲಾಗದು. ತಾಯಿಯನ್ನು ದವಾಖಾನೆಯ ಬಾಗಿಲಿಗೆ ಮುಟ್ಟಿಸುವದು ಅರ್ಧ ಕೆಲಸ. ಬಾಗಿಲಿನ ಒಳಗೆ ಅವಳ ಬಳಿಯಲ್ಲಿ ಕುಶಲಳಾದ ಸೂಲಗಿತ್ತಿಯು ನಿಂತಿರುವದು ಉಳಿದರ್ಧ.

ಈ ಉಳಿದರ್ಧದ ಚರಿತ್ರೆಯು ನಮ್ಮ ಭಾಗಕ್ಕೆ ಹೊಸದಲ್ಲ. ಕಾಗವಾಡದವರಿಗೆ ಬೆಳಗಾವಿಗಿಂತ ಎಷ್ಟೋ ಸಮೀಪವಾದ ಮೀರಜದಲ್ಲಿ 1894ರಲ್ಲಿ ಡಾಕ್ಟರ ವಾನ್ಲೆಸ್ ಅವರು ಮಿಶನ್ ದವಾಖಾನೆಯನ್ನು ತೆರೆದರು; ಕೆಲವೇ ವರ್ಷಗಳಲ್ಲಿ ಅಲ್ಲಿ ದಾದಿಯರ ಶಿಕ್ಷಣವೂ ಮೊದಲಾಯಿತು. ಅಥಣಿ, ರಾಯಬಾಗಗಳ ರೋಗಿಗಳು ಅಂದಿನಿಂದ ಮೀರಜದ ಹಾದಿಯನ್ನು ಬಲ್ಲರು. 1946ರಲ್ಲಿ ಭೋರ್ ಸಮಿತಿಯು ದೇಶದಲ್ಲಿ ಶಿಕ್ಷಿತ ದಾದಿಯರ ಹಾಗೂ ಸೂಲಗಿತ್ತಿಯರ ಘೋರ ಅಭಾವವನ್ನು ಎತ್ತಿ ತೋರಿಸಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯದೆಯಾಯಿತು. 1951ರಲ್ಲಿ ಸಹಾಯಕ ದಾದಿ-ಸೂಲಗಿತ್ತಿಯರ ಎರಡು ವರ್ಷದ ಶಿಕ್ಷಣಕ್ರಮವು ಆರಂಭವಾಯಿತು. ಆ ಶಿಕ್ಷಣದ ತಿರುಳು ಹೆರಿಗೆಯೇ ಆಗಿತ್ತು.

ಆಮೇಲೆ ಬಂದುದು ಬೇರೆ ಗಾಳಿ. 1973ರಲ್ಲಿ ಕರ್ತಾರಸಿಂಗ ಸಮಿತಿಯು ಇವಳನ್ನು ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದಿತು. 1977ರಲ್ಲಿ ಶಿಕ್ಷಣದ ಅವಧಿಯು ಒಂದೂವರೆ ವರ್ಷಕ್ಕೆ ಇಳಿಯಿತು. ಹೆರಿಗೆಯ ಪಾಠಕ್ಕೆ ಸಮಯ ಕಡಿಮೆಯಾಗಿ, ಕುಟುಂಬ ಯೋಜನೆ, ಲಸಿಕೆ, ಮಲೇರಿಯಾ, ಕ್ಷಯ, ಸಮೀಕ್ಷೆಗಳ ಭಾರವು ಒಂದರ ಮೇಲೊಂದು ಏರಿತು. ಎರಡು ವರ್ಷದ ಕ್ರಮವು ಮರಳಿ ಬರಲು ಮೂರು ದಶಕಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಈ ನಡುವೆ ಒಂದು ಪೂರ್ಣ ತಲೆಮಾರು ಹೆಸರಿನಲ್ಲಿ ಸೂಲಗಿತ್ತಿಯಾಗಿ, ಕಾರ್ಯದಲ್ಲಿ ಕಾರಕೂನಳಾಗಿ ಬಾಳಿತೆಂದರೆ ಅತಿಶಯೋಕ್ತಿಯಾಗದು.

ಇಂದು ಅವಳ ಹುದ್ದೆಗೆ ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಗೌರವದ ಹೆಸರಿದೆ. ಹೆಸರು ದೊಡ್ಡದಾಯಿತೆಂದು ಸಂತೋಷಿಸುತ್ತೇವೆ. ಆದರೆ ಅವಳ ಕೈಯಲ್ಲಿರುವದೇನು? ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರವೆಂಬ ನಿಯಮದಂತೆ ಅಷ್ಟು ಜನರ ಲೆಕ್ಕಪುಸ್ತಕಗಳು, ಮೊಬೈಲಿನಲ್ಲಿ ತುಂಬಬೇಕಾದ ವರದಿಗಳು, ವಾರವಾರದ ಸಭೆಗಳು. ಹೆರಿಗೆಗಳು ದೊಡ್ಡ ದವಾಖಾನೆಗಳಿಗೆ ಸರಿದುದರಿಂದ ಎಷ್ಟೋ ಉಪಕೇಂದ್ರಗಳ ಹೆರಿಗೆ ಮಂಚವು ಬರಿದಾಗಿ ಬಿದ್ದಿದೆ. ಹೊಟ್ಟೆಯನ್ನು ಮುಟ್ಟಿ ಕೂಸಿನ ತಲೆಯ ದಿಕ್ಕನ್ನು ತಿಳಿಯುವದು, ಅದರ ಎದೆಬಡಿತವನ್ನು ಆಲಿಸುವದು, ನೋವಿನ ಗತಿಯನ್ನು ಗಂಟೆಗಂಟೆಗೆ ಗುರುತಿಸುವದು, ಕಾಯಬೇಕಾದಲ್ಲಿ ಕಾಯುವದು, ಅಪಾಯವನ್ನು ಕಂಡೊಡನೆ ಮುಂದಕ್ಕೆ ಕಳಿಸುವದು ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಕೈ ಬಿಟ್ಟರೆ ವಿದ್ಯೆ ಬಿಟ್ಟಂತೆ. ಇತ್ತ ತಾಲೂಕು ದವಾಖಾನೆಯಲ್ಲಿ ಹೆರಿಗೆಯನ್ನು ಬಲ್ಲ ದಾದಿಯನ್ನು ಇಂದು ಪ್ರಸೂತಿ ಕೋಣೆಗೆ, ನಾಳೆ ಗಾಯಾಳುಗಳ ಕಡೆಗೆ, ನಾಡದು ಇನ್ನೊಂದೆಡೆಗೆ ಸರತಿಯಿಂದ ಕಳಿಸುವ ರೂಢಿಯುಂಟು. ಅಕ್ಕಸಾಲಿಗನನ್ನು ವರ್ಷಕ್ಕೊಮ್ಮೆ ಕಮ್ಮಾರಿಕೆಗೆ ಹಚ್ಚುವ ಊರಲ್ಲಿ ಒಳ್ಳೆಯ ಆಭರಣ ಹೇಗೆ ಆದೀತು?

ಇಂಥ ಹೆಂಗಸರ ಮೇಲೆ ಹೊಣೆ ಹೊರಿಸಬಹುದೇ ಎಂದು ಸಂಶಯಪಡುವವರಿಗೆ ನಮ್ಮ ಜಿಲ್ಲೆಯೇ ಉತ್ತರವನ್ನು ಕೊಟ್ಟಿದೆ. 2002ರಿಂದ 2005ರ ವರೆಗೆ ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ವಿದೇಶದ ಸಂಶೋಧಕರೊಡನೆ ಕೂಡಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಕೊಟ್ಟವರೂ, ಸೋರಿದ ರಕ್ತವನ್ನು ಅಳೆದವರೂ ದೊಡ್ಡ ಡಾಕ್ಟರರಲ್ಲ. 25 ಮಂದಿ ಸಹಾಯಕ ದಾದಿ-ಸೂಲಗಿತ್ತಿಯರು. ಗುಳಿಗೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾದರೆ, ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಈ ಫಲಿತವನ್ನು ಜಗತ್ತಿಗೆ ಸಾರಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಬೆಳಗಾವಿಯ ಹಳ್ಳಿಯ ನರ್ಸಬಾಯಿಯು ಜಗತ್ತಿನ ತಾಯಂದಿರಿಗೆ ಉಪಕಾರ ಮಾಡಿದಳು. ಅವಳ ಜಿಲ್ಲೆಯವರಾದ ನಮಗೆ ಅವಳ ಯೋಗ್ಯತೆಯು ತಿಳಿಯದಿರುವದು ನಾಚಿಕೆಯ ಸಂಗತಿ.

ಡಾಕ್ಟರರು ಇರುವಾಗ ಸೂಲಗಿತ್ತಿಯೇಕೆಂದು ಕೇಳುವ ಸುಶಿಕ್ಷಿತರೂ ಉಂಟು. ಡಾಕ್ಟರರ ಮಹತ್ವವನ್ನು ನಾವು ತಗ್ಗಿಸಿ ಹೇಳುವದಿಲ್ಲ. ಕಠಿಣ ಹೆರಿಗೆಗೆ ಅವರೇ ಗತಿ. ಆದರೆ ಹೆಚ್ಚಿನ ಹೆರಿಗೆಗಳು ಸಹಜವಾದವುಗಳು. ಅವುಗಳಿಗೆ ಬೇಕಾದುದು ಶಸ್ತ್ರವಲ್ಲ, ಸಹನೆ. 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಹೊಟ್ಟೆ ಕೊಯ್ದು ಆದವು. ಇವೆಲ್ಲವೂ ಅನಿವಾರ್ಯವಾಗಿದ್ದವೆಂದು ನಂಬುವದು ಕಷ್ಟ. ಸಿಂಹಳ ದ್ವೀಪವು ಶ್ರೀಮಂತ ದೇಶವೇನಲ್ಲ. ಆದರೂ ಹಳ್ಳಿಹಳ್ಳಿಗೆ ಶಿಕ್ಷಿತ ಸೂಲಗಿತ್ತಿಯನ್ನು ನೇಮಿಸಿ ಅದು ದಶಕಗಳ ಹಿಂದೆಯೇ ತಾಯಂದಿರ ಮರಣವನ್ನು ಇಳಿಸಿಕೊಂಡಿತು. ನಮ್ಮ ನಾಡಿನ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಓದು ಬಾರದವರಾಗಿಯೂ ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀಯನ್ನು ಪಡೆದರು. ಆ ಕೈಗುಣಕ್ಕೆ ಇಂದಿನ ಶಾಸ್ತ್ರವನ್ನು ಕೂಡಿಸುವದೇ ನಮ್ಮ ಮುಂದಿನ ಕಾರ್ಯ.

ಈ ಐದು ತಾಲೂಕುಗಳಲ್ಲಿ ಇದರ ಅವಶ್ಯಕತೆಯು ವಿಶೇಷವಾಗಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ತುಂಬಿ ಬಂದಾಗ ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿಗಳ ನಡುವಿನ ಕೆಳಮಟ್ಟದ ಸೇತುವೆಗಳು ನೀರಿನಲ್ಲಿ ಮುಳುಗುವದು ಮಳೆಗಾಲದ ರೂಢಿಯ ಸಮಾಚಾರ. 2005, 2019, 2021ರ ಮಹಾಪೂರಗಳನ್ನು ಯಾರು ಮರೆತಾರು? ಹೆರಿಗೆಯ ನೋವು ಸೇತುವೆ ತೆರೆಯುವ ವರೆಗೆ ಕಾಯುವದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಉಗಾರ ಮೊದಲಾದ ಕಾರಖಾನೆಗಳ ಸುತ್ತ ಬಿಡಾರ ಹೂಡುವ ಕೂಲಿಯ ಹೆಂಗಸರಿಗೆ ಇಲ್ಲಿಯ ಯಾವ ಲೆಕ್ಕಪುಸ್ತಕದಲ್ಲೂ ಹೆಸರಿರುವದಿಲ್ಲ. ನಿಪ್ಪಾಣಿಯ ತಂಬಾಕು-ಬೀಡಿಗಳ ಕೆಲಸದಲ್ಲಿ ದಿನವಿಡೀ ಕುಳಿತ ಬಸುರಿಯ ಕಷ್ಟವನ್ನು ಅರಿತು ಸಲಹೆ ಕೊಡಲು ಅವಳ ಓಣಿಯನ್ನು ಬಲ್ಲವಳೇ ಬೇಕು.

ಇನ್ನೊಂದು ಮಾತನ್ನು ವಿಶೇಷವಾಗಿ ಲಕ್ಷ್ಯಕ್ಕೆ ತರಬಯಸುತ್ತೇವೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವದು ನಮ್ಮಲ್ಲಿಯ ರೂಢಿ. ಈ ಸೀಮೆಯಲ್ಲಿ ಹೆಣ್ಣು ಕೊಡುವ-ತರುವ ಸಂಬಂಧಕ್ಕೆ ಪ್ರಾಂತದ ಗಡಿಯು ಎಂದೂ ಅಡ್ಡಬಂದಿಲ್ಲ. ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು; 1956ರಲ್ಲಿ ಗೆರೆ ಬೇರೆಯಾದರೂ ನಂಟಸ್ತಿಕೆ ಬೇರೆಯಾಗಲಿಲ್ಲ. ಇಚಲಕರಂಜಿಯ ಸೊಸೆಯು ಚಿಕ್ಕೋಡಿಯಲ್ಲಿ ಹಡೆಯುತ್ತಾಳೆ. ಅಥಣಿಯ ಸೊಸೆಯು ಜತ್ತದಲ್ಲಿ. ಏಳು ತಿಂಗಳು ಒಂದು ಸರಕಾರದ ಪುಸ್ತಕದಲ್ಲಿದ್ದ ಬಸುರಿಯು ಎಂಟನೆಯ ತಿಂಗಳಿಗೆ ಇನ್ನೊಂದು ಸರಕಾರದ ಹೊಸ್ತಿಲಲ್ಲಿ ಅಪರಿಚಿತಳಾಗಿ ನಿಲ್ಲಬಾರದು. ಅವಳ ರಕ್ತದೊತ್ತಡ, ರಕ್ತಹೀನತೆ, ಹಿಂದಿನ ತೊಂದರೆಗಳ ವೃತ್ತಾಂತವು ಅವಳಿಗಿಂತ ಮೊದಲು ಆಚೆಯ ನರ್ಸಬಾಯಿಗೆ ಮುಟ್ಟಬೇಕು. ಗಡಿಯ ವಿವಾದವು ನ್ಯಾಯಾಲಯದಲ್ಲಿ ಎಷ್ಟು ಕಾಲವಾದರೂ ನಡೆಯಲಿ. ಬಾಣಂತಿಯ ಕೋಣೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಕನ್ನಡವನ್ನು ಚೆನ್ನಾಗಿ ಬಲ್ಲ, ಮರಾಠಿಯಲ್ಲಿ ಸಂತೈಸಬಲ್ಲ ಸೂಲಗಿತ್ತಿಯು ಈ ಸೀಮೆಯ ಸಂಪತ್ತು.

2018ರ ಡಿಸೆಂಬರದಲ್ಲಿ ಭಾರತ ಸರಕಾರವು ಸೂಲಗಿತ್ತಿಯರ ಸೇವೆಯ ಮಾರ್ಗದರ್ಶಿಯನ್ನು ಪ್ರಕಟಿಸಿ, ಅನುಭವಸ್ಥ ದಾದಿಯರಿಗೆ 18 ತಿಂಗಳ ವಿಶೇಷ ಶಿಕ್ಷಣ ಕೊಟ್ಟು, ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೇ ಒಪ್ಪಿಸುವ ಯೋಜನೆಯನ್ನು ಮುಂದಿಟ್ಟಿತು. 2023ರಲ್ಲಿ 1947ರ ಕಾಯದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಹಾಗೂ ಸೂಲಗಿತ್ತಿತನದ ಆಯೋಗದ ಕಾಯದೆಯಾಯಿತು. ಕಾಗದದ ಮೇಲೆ ಹಾದಿ ಸಿದ್ಧವಾಗಿದೆ. ಅದರ ಮೇಲೆ ನಡೆಯಲು ನಾವು ಸೂಚಿಸುವದಿಷ್ಟು: ಐದೂ ತಾಲೂಕುಗಳ ಸರಕಾರಿ ದವಾಖಾನೆಗಳಿಗೆ ಇಂಥ ಶಿಕ್ಷಿತೆಯರ ಹುದ್ದೆಗಳನ್ನು ನಿರ್ಮಿಸತಕ್ಕದ್ದು. ಹೆರಿಗೆಯಲ್ಲಿ ನುರಿತವಳನ್ನು ಪ್ರಸೂತಿ ಕೋಣೆಯಿಂದ ಕದಲಿಸಕೂಡದು. ಉಪಕೇಂದ್ರದ ನರ್ಸಬಾಯಿಯು ವರ್ಷಕ್ಕೆ ಕೆಲವು ವಾರ ದೊಡ್ಡ ದವಾಖಾನೆಯಲ್ಲಿ ಹೆರಿಗೆ ಮಾಡಿಸಿ ಕೈಯನ್ನು ಹಸನಾಗಿಟ್ಟುಕೊಳ್ಳಬೇಕು. ವರದಿ ತುಂಬುವ ಕೆಲಸಕ್ಕೆ ಬೇರೆ ಆಳನ್ನು ಕೊಡಬೇಕು. ಒಂದೇ ಕೆಲಸಕ್ಕೆ ಗುತ್ತಿಗೆಯವಳಿಗೊಂದು ಸಂಬಳ, ಕಾಯಮಿನವಳಿಗೊಂದು ಸಂಬಳವೆಂಬ ಅನ್ಯಾಯವು ನಿಲ್ಲಬೇಕು. ಸೇರಿದ ಹುದ್ದೆಯಲ್ಲಿಯೇ ನಿವೃತ್ತಳಾಗುವ ಗತಿ ತಪ್ಪಿ, ಬಲ್ಲವಳಿಗೆ ಶಿಕ್ಷಕಿಯಾಗಿ, ಮೇಲ್ವಿಚಾರಕಿಯಾಗಿ ಏರುವ ಮೆಟ್ಟಿಲು ಇರಬೇಕು.

ಸರಕಾರಕ್ಕೆ ಹೇಳಿ ನಮ್ಮ ಪಟ್ಟಣಗಳ ಗೃಹಸ್ಥರನ್ನು ಬಿಡುವದು ನ್ಯಾಯವಲ್ಲ. ಮಗಳನ್ನು ಡಾಕ್ಟರಳನ್ನಾಗಿ ಮಾಡಲು ಹೊಲ ಮಾರುವವರು ಅವಳು ಸೂಲಗಿತ್ತಿಯಾಗುವೆನೆಂದರೆ ಹುಬ್ಬು ಗಂಟಿಕ್ಕುವರು. ರಾತ್ರಿಯಲ್ಲಿ ಕೆಲಸಕ್ಕೆ ಹೋಗುವವಳಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುವರು. ತಮ್ಮ ಮನೆಯ ಸೊಸೆಗೆ ನೋವು ಬಂದ ದಿನ ಮಾತ್ರ ಅವಳನ್ನು ದೇವತೆಯೆನ್ನುವರು. ಒಂದು ದಿನದ ಪೂಜೆ ಅವಳಿಗೆ ಬೇಡ. ಇರಲು ಭದ್ರವಾದ ಮನೆ, ಮಳೆಗಾಲದಲ್ಲಿ ಹೋಗಲು ವಾಹನ, ಊರ ಪಂಚರ ಬೆಂಬಲ ಇಷ್ಟಿದ್ದರೆ ಸಾಕು.

ಜಿಲ್ಲೆಯ ಅಧಿಕಾರಿಗಳೂ ಈ ಐದು ತಾಲೂಕುಗಳ ಪ್ರತಿನಿಧಿಗಳೂ ಮುಂದಿನ ಮಳೆಗಾಲದೊಳಗಾಗಿ ಒಂದು ಲೆಕ್ಕವನ್ನು ತೆಗೆಯಲಿ: ತಮ್ಮ ತಾಲೂಕಿನಲ್ಲಿ ಎಷ್ಟು ಸೇತುವೆಗಳು ಮುಳುಗುವವು, ಮುಳುಗಿದಾಗ ಆಚೆಯ ದಡದಲ್ಲಿ ಹೆರಿಗೆ ಮಾಡಿಸಬಲ್ಲ ಎಷ್ಟು ಕೈಗಳು ಉಳಿಯುವವು. ಈ ಎರಡು ಸಂಖ್ಯೆಗಳನ್ನು ಜನರ ಮುಂದಿಟ್ಟರೆ ಮಾಡಬೇಕಾದ ಕೆಲಸವು ತಾನಾಗಿಯೇ ಎಲ್ಲರಿಗೂ ಕಾಣಿಸೀತು.