ಬ್ಯಾಟರಿ ಬದಲಿಸುವ ಮೊದಲು

ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಈಗ ಓಡುತ್ತಿರುವ ಯಾವ 800 ಕೂಡ ಹತ್ತು ವರ್ಷಕ್ಕಿಂತ ಕಿರಿಯದಲ್ಲ. ಇಂಜಿನ್ ಇನ್ನೂ ಗಟ್ಟಿಯಿದ್ದರೂ ವೈರಿಂಗ್ ಕೈಕೊಡತೊಡಗಿರುತ್ತದೆ. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಜೊತೆಗೆ ಮಿಟುಕುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಕಟಕಟ ಸದ್ದು. ಆಗ ಬಹಳ ಸಲ ಸಿಗುವ ಸಲಹೆ, ‘ಬ್ಯಾಟರಿ ಹೋಗಿದೆ, ಬದಲಿಸಿಬಿಡಿ ಸಾರ್’. ಪರೀಕ್ಷಿಸದೆ ಈ ಮಾತಿಗೆ ದುಡ್ಡು ಸುರಿಯಬಾರದು.

ಕಾರಿನ ದೀಪಕ್ಕೆ ಕರೆಂಟ್ ತರುವುದು ಒಂದು ವೈರ್. ಅದು ಮರಳುವ ದಾರಿ ಬಹುಮಟ್ಟಿಗೆ ಕಾರಿನ ತಗಡಿನ ಮೈಯೇ. ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ಬಾಡಿಗೂ ಇಂಜಿನ್‌ಗೂ ಬಿಗಿದಿರುತ್ತಾರೆ. ಇದೇ ಅರ್ಥಿಂಗ್. ಆ ಬೋಲ್ಟಿನ ಬುಡದಲ್ಲಿ ತುಕ್ಕು ಕೂತರೆ ಮರಳುವ ದಾರಿ ಕಟ್ಟಿಕೊಳ್ಳುತ್ತದೆ. ಆಗ ಕರೆಂಟ್ ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ನುಸುಳಿ ಇನ್ನೊಂದು ದಾರಿ ಹಿಡಿಯುತ್ತದೆ. ಸಂಬಂಧವೇ ಇಲ್ಲದ ಎರಡು ದೀಪಗಳು ಒಟ್ಟಿಗೆ ಮಿಟುಕಿದರೆ ಮೊದಲು ಅರ್ಥಿಂಗ್ ಮೇಲೆ ಅನುಮಾನ ಪಡಿ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಒಡ್ಡಿಕೊಂಡ ಕಾರುಗಳಲ್ಲಿ ಇದು ಇನ್ನೂ ಬೇಗ.

ಇದನ್ನು ಪತ್ತೆಮಾಡಲು ಸಾಮಾನ್ಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ. ಇಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಇಷ್ಟು ಸರಿಯಿದ್ದೂ ದೀಪ ಮಂಕಾಗಿದ್ದರೆ ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಮೊನೆಯನ್ನು ಬಲ್ಬಿನ ಅರ್ಥ್ ತುದಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ತಾಗಿಸಿ. 0.2 ವೋಲ್ಟ್‌ಗಿಂತ ಕಡಿಮೆ ಬರಬೇಕು. ಒಂದು ವೋಲ್ಟ್ ಬಂದರೆ ದೋಷ ಆ ದಾರಿಯಲ್ಲೇ ಇದೆ. ಒಂದು ವೋಲ್ಟ್ ತಾನೇ ಎನ್ನಬೇಡಿ: ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಬ್ಯಾಟರಿ ಕಳಚಿ, ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಕಾರುಗಳಿಗೆ ಬೇಕಿರುವುದು ಇಷ್ಟೇ.

ಫ್ಯೂಸ್ ವಿಷಯದಲ್ಲಿ ಮಾತ್ರ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡಿ. ಫ್ಯೂಸ್ ಪದೇಪದೇ ಹೋಗುತ್ತಿದೆಯೆಂದು ದೊಡ್ಡದನ್ನು ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ಬೆಂಕಿಗೆ ಆಹ್ವಾನ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಕಂಪನಿ ಕೊಟ್ಟ 60/55 ವ್ಯಾಟ್ ಬಲ್ಬ್ ತೆಗೆದು 100/90 ಹಾಕಿಸಿದವರೂ ಗಮನಿಸಬೇಕು. ಹೈಬೀಮ್‌ನಲ್ಲಿ ಎರಡೂ ಸೇರಿ 16 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಹಳೆಯ ಸ್ವಿಚ್ಚಿಗೆ ಅದು ತಡೆಯುವ ಹೊರೆಯಲ್ಲ. ಹಳೆಯ ಬಲ್ಬಿಗೇ ಮರಳುವುದು ಒಳ್ಳೆಯದು.

ನಿಂತ ಕಾರಿನಲ್ಲೇ ಬ್ಯಾಟರಿ ಇಳಿದುಹೋಗುವುದು ಬೇರೆ ರೋಗ. ಕೀ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಕೇಬಲ್ ಮತ್ತು ಟರ್ಮಿನಲ್ ನಡುವೆ ಜೋಡಿಸಿ. ಆಗ ಸೆಲ್ಫ್ ಹೊಡೆಯಲೇಬಾರದು, ಮೀಟರ್ ಸುಟ್ಟೀತು. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಹರಿಯುತ್ತಿದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನದಲ್ಲಿ ಖಾಲಿ. ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಕಳ್ಳ ಆ ಸಾಲಿನಲ್ಲಿದ್ದಾನೆ. ಆಮೇಲೆ ಹಾಕಿಸಿದ ಸ್ಟೀರಿಯೊ, ಸೆಂಟ್ರಲ್ ಲಾಕ್‌ಗಳನ್ನು ಮೊದಲು ನೋಡಿ. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಅದರ ದಪ್ಪ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ, ಹಾಗಾಗಿ ಬ್ಯಾಟರಿ ಕಳಚದೆ ಅದಕ್ಕೆ ಸ್ಪ್ಯಾನರ್ ಹಾಕಬೇಡಿ.